ರಾಜ್ಯೋತ್ಸವದ ರಜೆಯಂದು ಮೊದಲ 10 ಕಿಲೋಮೀಟರ್ ಓಟ: ಸಲಹೆ ಬೇಕು

ಪ್ರಶ್ನೆ:
ಮಾನ್ಯರೇ, ನನಗೆ 46 ವರ್ಷ. ಐದು ತಿಂಗಳಿಂದ ಕುಕ್ಕರಹಳ್ಳಿ ಕೆರೆಯ ಸುತ್ತ ಓಡುತ್ತಿದ್ದು, ಈಗ ನಿಲ್ಲದೆ 7 ಕಿಲೋಮೀಟರ್ ಓಡಬಲ್ಲೆ. ನವೆಂಬರ್ 1ರಂದು ಮೈಸೂರಿನಲ್ಲಿ ನಡೆಯಲಿರುವ ಸಾರ್ವಜನಿಕ ಓಟಕ್ಕೆ ಹೆಸರು ನೋಂದಾಯಿಸಿದ್ದೇನೆ. ಮಣ್ಣಿನ ದಾರಿಗೆ ಒಗ್ಗಿದ ಕಾಲುಗಳು ಡಾಂಬರು ರಸ್ತೆಯನ್ನು ತಾಳಿಕೊಳ್ಳುತ್ತವೆಯೇ, ಅಷ್ಟು ಜನಸಂದಣಿಯಲ್ಲಿ ಎಲ್ಲಿ ನಿಲ್ಲಬೇಕು ಎಂಬುದನ್ನು ಅನುಭವಿಗಳು ದಯವಿಟ್ಟು ತಿಳಿಸಬೇಕು.

ಉತ್ತರ 1:
ಸರ್, ಹಿಂದಿನ ಸಾಲುಗಳಲ್ಲಿಯೇ ನಿಲ್ಲಿ. ಎದೆಯ ಸಂಖ್ಯಾಪಟ್ಟಿಯಲ್ಲಿ ಚಿಪ್ ಇದ್ದರೆ ನೀವು ಆರಂಭದ ಗೆರೆ ದಾಟಿದ ಕ್ಷಣದಿಂದಲೇ ನಿಮ್ಮ ಸಮಯದ ಎಣಿಕೆ ಶುರುವಾಗುವುದರಿಂದ, ಮುಂದೆ ನುಗ್ಗಿ ಗಳಿಸುವುದು ಏನೂ ಇಲ್ಲ. ಡೊಳ್ಳಿನ ಸದ್ದು, ಬಾವುಟ, ಜಯಘೋಷಗಳ ಹುಮ್ಮಸ್ಸಿನಲ್ಲಿ ಮೊದಲ 2 ಕಿಲೋಮೀಟರ್ ಮಿತಿಮೀರಿ ಓಡಿ, 7ನೆಯದರಲ್ಲಿ ಕಾಲೆಳೆಯುತ್ತ ನಡೆದವನು ನಾನು. ಪಕ್ಕದವರೊಡನೆ ಮಾತನಾಡುತ್ತ ಓಡಬಲ್ಲಷ್ಟೇ ವೇಗ ಆರಂಭಕ್ಕೆ ಸಾಕು.

ಉತ್ತರ 2:
ಡಾಂಬರು ಮಣ್ಣಿಗಿಂತ ಗಡುಸಾದುದರಿಂದ ಮೊಣಕಾಲು, ಮೀನಖಂಡಗಳಿಗೆ ಪೆಟ್ಟು ಹೆಚ್ಚು. ಆದುದರಿಂದ ವಾರದ ಎರಡು ಓಟಗಳನ್ನು ಈಗಿನಿಂದಲೇ ರಸ್ತೆಗೆ ಬದಲಾಯಿಸಿ, ದೀರ್ಘ ಓಟವನ್ನು ವಾರಕ್ಕೆ ಒಂದು ಕಿಲೋಮೀಟರಿನಂತೆ 9ರವರೆಗೆ ಏರಿಸಿ, ಕೊನೆಯ ವಾರ ಇಳಿಸಿರಿ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲುಗಳನ್ನು ಆ ವಾರ ಮಾತ್ರ ಹತ್ತಬೇಡಿ. ಹೊಸ ಶೂ ಅಂದೇ ಮೊದಲ ಬಾರಿಗೆ ಧರಿಸಿದರೆ ಬೊಬ್ಬೆ ಖಚಿತ. ಎರಡು ಗಂಟೆ ಮುಂಚೆ ಎರಡು ಇಡ್ಲಿ ಅಥವಾ ಬಾಳೆಹಣ್ಣು ಸಾಕು. ಮಸಾಲೆ ದೋಸೆ ಓಟದ ನಂತರಕ್ಕಿರಲಿ.

ಉತ್ತರ 3:
ಒಂದು ಸೇರ್ಪಡೆ: ನೀರಿನ ಮೇಜಿನ ಎದುರು ಥಟ್ಟನೆ ನಿಲ್ಲದೆ, ಲೋಟ ಹಿಡಿದು ಬದಿಗೆ ಸರಿದು ಕುಡಿಯಿರಿ, ಹಿಂದಿನವರು ಎಡವುತ್ತಾರೆ. ರಕ್ತದೊತ್ತಡ ಅಥವಾ ಸಕ್ಕರೆ ಕಾಯಿಲೆ ಇದ್ದರೆ ವೈದ್ಯರನ್ನು ಕಾಣುವುದು ಕಡ್ಡಾಯವೆಂದೇ ತಿಳಿಯಿರಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಶೂ ನಿನ್ನೆಯಷ್ಟೇ ಕೊಂಡಿದ್ದೆ. ನಾಳೆಯಿಂದಲೇ ಧರಿಸಿ ಓಡುತ್ತೇನೆ.