ಆರ್ಮ್ ಲ್ಯಾಪ್‌ಟಾಪ್‌ನಲ್ಲಿ ಲಿನಕ್ಸ್: ಬೂಟ್ ಆಯಿತು, ಮಿಕ್ಕಿದ್ದು ಯಾವಾಗ?

ಅರೆನಿದ್ದೆ

ಸ್ನ್ಯಾಪ್‌ಡ್ರಾಗನ್ ಎಕ್ಸ್ ಎಲೀಟ್ ಅನ್ನುವ ಆರ್ಮ್ ಚಿಪ್ (ಇಂಟೆಲ್‌ಗಿಂತ ಬೇರೆ ಜಾತಿಯದು) ಇರುವ ಲ್ಯಾಪ್‌ಟಾಪ್ ತಗೊಂಡು ಉಬುಂಟು ಲಿನಕ್ಸ್ 25.04 ಹಾಕಿದ್ದೇನೆ. ಲ್ಯಾಪ್‌ಟಾಪ್ ಕಂಪನಿಯ ಹೆಸರು ಬೇಡ, ಅವರ ಜೊತೆಗಿನ ಜಗಳ ಬೇರೆಯದೇ ಇದೆ. ಇನ್‌ಸ್ಟಾಲ್ ಮಾಡುವಾಗ ಒಂದು ತಕರಾರೂ ಇರಲಿಲ್ಲ. ಡೆಸ್ಕ್‌ಟಾಪ್ ಬಂತು, ವೈಫೈ ಬಂತು, ಟಚ್‌ಪ್ಯಾಡ್ ಕೂಡ ಸರಿ. ಲಿನಕ್ಸ್‌ನ ತಿರುಳಾದ ಕರ್ನಲ್ ಕಂಪೈಲ್ ಮಾಡಿ ನೋಡಿದೆ. ಆ ವೇಗ ನೋಡಿ ಹಳೇ ಯಂತ್ರವನ್ನು ಅವತ್ತೇ ಯಾರಿಗಾದರೂ ಕೊಟ್ಟುಬಿಡೋಣ ಅನ್ನಿಸಿತು. ಪುಣ್ಯಕ್ಕೆ ಕೊಡಲಿಲ್ಲ.

ಯಾಕೆಂದರೆ ಬ್ಯಾಟರಿ ಐಕಾನ್ ಇರಬೇಕಾದ ಜಾಗ ಖಾಲಿ. ಚಾರ್ಜ್ ಮುಗಿಯಿತು ಅಂತ ಗೊತ್ತಾಗುವುದು ಯಂತ್ರ ಧಪ್ ಅಂತ ಆಫ್ ಆದಾಗಲೇ. ಸ್ಪೀಕರ್ ಮೂಕ, ಸೆಟ್ಟಿಂಗ್ಸ್‌ನಲ್ಲಿ ‘ಡಮ್ಮಿ ಔಟ್‌ಪುಟ್’ ಅಂತಷ್ಟೇ ಇದೆ. ಬ್ಲೂಟೂತ್ ಸ್ವಿಚ್ ಒತ್ತಿದರೆ ತಾನೇ ವಾಪಸ್ ಆಫ್ ಆಗುತ್ತದೆ. ಕ್ಯಾಮೆರಾ ಇಲ್ಲವೇ ಇಲ್ಲ, ಮೀಟಿಂಗ್ ಬಂದರೆ ಪರದೆಗೆ ಫೋನ್ ಆನಿಸಿಟ್ಟು ಕೂರುತ್ತೇನೆ. ರಾತ್ರಿ ಮುಚ್ಚಳ ಮುಚ್ಚಿಟ್ಟರೆ ಬೆಳಿಗ್ಗೆ ಬ್ಯಾಟರಿ ಖಾಲಿ.

ಕರ್ನಲ್‌ನಲ್ಲಿ ಈ ಚಿಪ್‌ಗೆ ಸಪೋರ್ಟ್ ಇದೆ ಅಂತ ಎಲ್ಲ ಕಡೆ ಓದಿದ್ದೇನೆ. ಹಾಗಾದರೆ ಇದೆಲ್ಲ ಏನು? ಕಾದರೆ ಸರಿಹೋಗುತ್ತದಾ, ಇಲ್ಲ ಮಾರಿಬಿಡಲಾ? ಇಂಟೆಲ್ ಯಂತ್ರಕ್ಕೆ ಪೆನ್‌ಡ್ರೈವ್ ಚುಚ್ಚಿದರೆ ಅರ್ಧ ಗಂಟೆಯಲ್ಲಿ ಕೆಲಸ ಮುಗಿಯುತ್ತಿತ್ತು, ಅಲ್ವಾ?

ಶೆಲ್ ಮಾವ

ಮಾರಿ. ಬಂದ ದುಡ್ಡಿಗೆ ಹಳೇ ಥಿಂಕ್‌ಪ್ಯಾಡ್ ತಗೊಳ್ಳಿ. ಮಿಕ್ಕವರು ಈಗ ಉದ್ದುದ್ದ ಬರೆಯುತ್ತಾರೆ, ಕೊನೆಗೆ ಅವರೂ ಇದನ್ನೇ ಹೇಳುತ್ತಾರೆ.

ಎರಡನೇ ಪಾರ್ಟಿಷನ್

ಮಾವ, ಸ್ವಲ್ಪ ತಡೀರಿ. ಅವರು ಹೇಳಿದ ಐದು ತೊಂದರೆಗಳಿಗೂ ಒಂದೇ ಕಾರಣ ಅಲ್ಲ. ಕೆಲವು ಇವತ್ತೇ ಸರಿಹೋಗುತ್ತವೆ.

ಮೊದಲು ‘ಸಪೋರ್ಟ್ ಇದೆ’ ಅನ್ನುವ ಮಾತು. ಎಕ್ಸ್ ಎಲೀಟ್‌ಗೆ ಆರಂಭದ ಸಪೋರ್ಟ್ ಕರ್ನಲ್ 6.8ರಲ್ಲೇ ಬಂತು, ಅಂದರೆ 2024ರ ಮಾರ್ಚ್. ಆಗ ಈ ಚಿಪ್ ಇರುವ ಲ್ಯಾಪ್‌ಟಾಪ್‌ಗಳು ಅಂಗಡಿಗೇ ಬಂದಿರಲಿಲ್ಲ, ಅವು ಬಂದದ್ದು ಜೂನ್‌ನಲ್ಲಿ. ಆದರೆ ಅದು ಚಿಪ್‌ಗೆ ಸಿಕ್ಕ ಸಪೋರ್ಟ್, ನಿಮ್ಮ ಲ್ಯಾಪ್‌ಟಾಪ್‌ಗಲ್ಲ. ಇಂಟೆಲ್ ಯಂತ್ರದಲ್ಲಿ ಯಾವ ಭಾಗ ಎಲ್ಲಿದೆ, ಅದಕ್ಕೆ ಕರೆಂಟ್ ಹೇಗೆ ಕೊಡಬೇಕು ಅಂತ ಎಸಿಪಿಐ ಅನ್ನುವ ಪಟ್ಟಿಗಳ ಮೂಲಕ ಯಂತ್ರವೇ ಹೇಳುತ್ತದೆ. ನಿಮ್ಮ ಯಂತ್ರದಲ್ಲೂ ಎಸಿಪಿಐ ಇದೆ, ಆದರೆ ಅದನ್ನು ಬರೆದಿರುವುದು ವಿಂಡೋಸ್‌ಗಾಗಿ. ಕರೆಂಟಿನ ವಿಷಯವನ್ನೆಲ್ಲ ವಿಂಡೋಸ್‌ನ ಒಂದು ವಿಶೇಷ ಡ್ರೈವರ್ ನೋಡಿಕೊಳ್ಳುತ್ತದೆ ಅಂತ ಬಿಟ್ಟುಬಿಟ್ಟಿದ್ದಾರೆ. ಲಿನಕ್ಸ್‌ಗೆ ಅದರಿಂದ ಉಪಯೋಗವಿಲ್ಲ. ಹಾಗಾಗಿ ಪ್ರತಿ ಮಾಡೆಲ್‌ಗೂ ಯಾರಾದರೂ ಕೂತು ಡಿವೈಸ್ ಟ್ರೀ ಅನ್ನುವ ಫೈಲ್ ಬರೆಯಬೇಕು. ಈ ಸ್ಪೀಕರ್ ಆಂಪ್ಲಿಫೈಯರ್ ಈ ಬಸ್‌ನಲ್ಲಿದೆ, ಇದಕ್ಕೆ ಈ ರೆಗ್ಯುಲೇಟರ್, ಮುಚ್ಚಳದ ಸೆನ್ಸರ್ ಈ ಪಿನ್‌ನಲ್ಲಿದೆ, ಹೀಗೆ. ಒಂದೇ ಚಿಪ್ ಇರುವ ಎರಡು ಲ್ಯಾಪ್‌ಟಾಪ್‌ಗಳಲ್ಲಿ ಒಂದು ಹಾಡುತ್ತದೆ, ಇನ್ನೊಂದು ಮೂಕ. ಅದಕ್ಕೇ ‘ಲಿನಕ್ಸ್ ಆರ್ಮ್‌ನಲ್ಲಿ ಓಡುತ್ತದಾ’ ಅಂತ ಕೇಳಿ ಪ್ರಯೋಜನವಿಲ್ಲ. ಈ ಮಾಡೆಲ್‌ನ ಡಿವೈಸ್ ಟ್ರೀ ಕರ್ನಲ್‌ನಲ್ಲಿದೆಯಾ, ಅದರಲ್ಲಿ ಏನೇನು ತುಂಬಿದ್ದಾರೆ, ಅದನ್ನು ಕೇಳಬೇಕು. ನಿಮಗೆ ಟಚ್‌ಪ್ಯಾಡ್ ಬಂದಿದೆ ಅಂದರೆ ಆ ಫೈಲ್ ಇದೆ ಅಂತಲೇ ಲೆಕ್ಕ.

ಇನ್ನು ಬ್ಯಾಟರಿ ಮತ್ತು ಸ್ಪೀಕರ್. ಎರಡೂ ಒಟ್ಟಿಗೆ ಇಲ್ಲ ಅಂದ ಕೂಡಲೇ ನನಗೆ ಅನುಮಾನ ಬರುವುದು ಎಡಿಎಸ್‌ಪಿ ಮೇಲೆ. ಅದು ಚಿಪ್‌ನ ಒಳಗಿರುವ ಇನ್ನೊಂದು ಪುಟ್ಟ ಪ್ರೊಸೆಸರ್. ಬ್ಯಾಟರಿ ಲೆಕ್ಕ, ಚಾರ್ಜಿಂಗ್, ಯುಎಸ್‌ಬಿ-ಸಿ ಪೋರ್ಟ್, ಸೌಂಡ್ ಎಲ್ಲ ಅದರ ಕೈಯಲ್ಲಿದೆ. ಅದಕ್ಕೆ ಫರ್ಮ್‌ವೇರ್, ಅಂದರೆ ಅದು ಓಡಿಸಬೇಕಾದ ಪ್ರೋಗ್ರಾಂ, ಕೊಡದಿದ್ದರೆ ಅದು ಏಳುವುದೇ ಇಲ್ಲ. ಕರ್ನಲ್ ಲಾಗ್‌ನಲ್ಲಿ ‘ರಿಮೋಟ್‌ಪ್ರಾಕ್’ ಅಂತ ಹುಡುಕಿ. ಫರ್ಮ್‌ವೇರ್ ಸಿಗಲಿಲ್ಲ ಅಂತ ಬರೆದು ಪಕ್ಕದಲ್ಲಿ ಮೈನಸ್ 2 ಇದ್ದರೆ ಫೈಲೇ ಇಲ್ಲ ಅಂತ ಅರ್ಥ. ಫೈಲ್ ಹೆಸರು ಕ್ಯೂಸಿಎಡಿಎಸ್‌ಪಿ8380.ಎಂಬಿಎನ್ ಅಂತಿರುತ್ತದೆ.

ಆ ಫೈಲನ್ನು ಉಬುಂಟು ತಾನೇ ಕೊಡಬಾರದಾ ಅಂತ ಕೇಳುತ್ತೀರಿ. ಅಲ್ಲೇ ಇರುವುದು ಸಂಕಟ. ಅದಕ್ಕೆ ಲ್ಯಾಪ್‌ಟಾಪ್ ತಯಾರಿಸಿದವರ ಡಿಜಿಟಲ್ ಸಹಿ ಬೇಕು, ಬೇರೆ ಸಹಿ ಇದ್ದರೆ ಚಿಪ್ ಒಪ್ಪುವುದಿಲ್ಲ. ಹಂಚಲು ಅನುಮತಿ ಕೊಡಬೇಕಾದವರೂ ಅವರೇ. ಚಿಪ್‌ನವರು ಡ್ರೈವರ್ ಬರೆದು ಕರ್ನಲ್‌ಗೆ ಸೇರಿಸಿದರೂ ಲ್ಯಾಪ್‌ಟಾಪ್‌ನವರು ಈ ಒಂದು ಫೈಲ್ ಬಿಡಲಿಲ್ಲ ಅಂದರೆ ಮುಗೀತು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅನ್ನುವ ಕತೆ. ಥಿಂಕ್‌ಪ್ಯಾಡ್ ಎಕ್ಸ್13ಎಸ್ ಥರದ ಕೆಲವು ಮಾಡೆಲ್‌ಗಳ ಫೈಲ್‌ಗಳು ಲಿನಕ್ಸ್-ಫರ್ಮ್‌ವೇರ್ ಪ್ಯಾಕೇಜ್‌ನಲ್ಲೇ ಇವೆ, ಅವರು ಪುಣ್ಯವಂತರು. ಮಿಕ್ಕವರು ತಮ್ಮದೇ ಯಂತ್ರದ ವಿಂಡೋಸ್ ಪಾರ್ಟಿಷನ್‌ನಿಂದ ಎತ್ತಿಕೊಳ್ಳಬೇಕು. ಅದಕ್ಕೆ ಉಬುಂಟುವಿನಲ್ಲಿ ‘ಕ್ಯೂಕಾಮ್-ಫರ್ಮ್‌ವೇರ್-ಎಕ್ಸ್‌ಟ್ರಾಕ್ಟ್’ ಅಂತ ಒಂದು ಪ್ಯಾಕೇಜ್ ಇದೆ. ವಿಂಡೋಸ್ ಉಳಿಸಿಕೊಂಡಿದ್ದೀರಾ? ನಾನು ಈ ಹೆಸರು ಇಟ್ಟುಕೊಂಡಿರುವುದು ಸುಮ್ನೆ ಅಲ್ಲ. ಲಿನಕ್ಸ್ ಮಾತ್ರ ಬಳಸುವವನಾದರೂ ಆ ಪಾರ್ಟಿಷನ್ ಅಳಿಸಿಲ್ಲ. ಬಯಾಸ್ ಅಪ್‌ಡೇಟ್‌ಗೂ ಅದೇ ಗತಿ.

ಬ್ಲೂಟೂತ್ ಕತೆಯೇ ಬೇರೆ, ಅದು ಸುಲಭ. ಸುಮಾರು ಯಂತ್ರಗಳಲ್ಲಿ ಬ್ಲೂಟೂತ್ ವಿಳಾಸ ಎಲ್ಲಿದೆ ಅಂತ ಲಿನಕ್ಸ್‌ಗೆ ಗೊತ್ತಾಗುವುದಿಲ್ಲ. ಹೆಚ್ಚಾಗಿ ಸೊನ್ನೆಗಳೇ ತುಂಬಿದ ಒಂದು ಡೀಫಾಲ್ಟ್ ವಿಳಾಸ ಸಿಗುತ್ತದೆ. ಅದನ್ನು ನಂಬಬಾರದು ಅಂತ ಕರ್ನಲ್ ಸಾಧನವನ್ನು ಪಕ್ಕಕ್ಕಿಡುತ್ತದೆ. ‘ಬಿಟಿಎಂಜಿಎಂಟಿ’ ಕಮ್ಯಾಂಡ್‌ನಿಂದ ಪಬ್ಲಿಕ್ ಅಡ್ರೆಸ್ ಕೊಟ್ಟರೆ ಎದ್ದು ಕೂರುತ್ತದೆ. ವಿಂಡೋಸ್‌ನಲ್ಲಿ ತೋರಿಸುವ ವಿಳಾಸವನ್ನೇ ಕೊಡಿ. ಪ್ರತಿ ಬೂಟ್‌ಗೂ ಕೊಡಬೇಕು, ಬೂಟ್ ಆಗುವಾಗ ತಾನೇ ಓಡುವ ಒಂದು ಸಿಸ್ಟಂಡಿ ಯೂನಿಟ್ ಬರೆದಿಡಿ.

ಮುಚ್ಚಳ ಮುಚ್ಚಿದಾಗ ಬ್ಯಾಟರಿ ಇಳಿಯುವುದಕ್ಕೆ ನನ್ನ ಬಳಿ ಮದ್ದಿಲ್ಲ. ಇಡೀ ಚಿಪ್ ಗಾಢ ನಿದ್ದೆಗೆ ಇಳಿಯಬೇಕಾದರೆ ಪ್ರತಿಯೊಂದು ಡ್ರೈವರ್ ತನ್ನ ಕರೆಂಟ್ ಬೇಡಿಕೆ ಬಿಟ್ಟುಕೊಡಬೇಕು. ಒಂದೇ ಒಂದು ಹಿಡಿದುಕೊಂಡು ಕೂತರೂ ಮಿಕ್ಕವು ಮಲಗಿ ಲಾಭವಿಲ್ಲ. ನಾನು ಶಟ್‌ಡೌನ್ ಮಾಡುತ್ತೇನೆ, ಅಷ್ಟೇ.

ಹದಿನಾರು ಕೆ

ನನ್ನದು ಆಪಲ್‌ನ ಎಂ1 ಚಿಪ್ ಇರುವ ಮ್ಯಾಕ್, ಅದಕ್ಕೆಂದೇ ಮಾಡಿದ ಅಸಾಹಿ ಲಿನಕ್ಸ್ ಹಾಕಿದ್ದೇನೆ. ಅಲ್ಲಿ ಚಿಪ್‌ನ ದಾಖಲೆ ಒಂದು ಪುಟವೂ ಇಲ್ಲದೆ ರಿವರ್ಸ್ ಎಂಜಿನಿಯರಿಂಗ್ ಮಾಡಿಯೇ ಡ್ರೈವರ್ ಬರೆದರು. ಆದರೂ ದಿನದ ಬಳಕೆಗೆ ನಿಮ್ಮದಕ್ಕಿಂತ ಚೆನ್ನಾಗಿದೆ ಅನ್ನಿಸುತ್ತದೆ. ಮಾಡೆಲ್‌ಗಳು ಬೆರಳೆಣಿಕೆಯಷ್ಟು, ಒಂದು ತಂಡ ಎಲ್ಲವನ್ನೂ ಕೈಯಲ್ಲಿ ಹಿಡಿದು ನೋಡಬಹುದು. ಸ್ಪೀಕರ್ ಸುಟ್ಟುಹೋಗದಂತೆ ಕಾಯಲೆಂದೇ ಒಂದು ಪ್ರೋಗ್ರಾಂ ಬರೆದಿದ್ದಾರೆ, ಸದ್ದು ಅಷ್ಟು ಚೆನ್ನಾಗಿರುವುದೂ ಅದಕ್ಕೇ. ಲಿನಕ್ಸ್ ಹುಟ್ಟುಹಾಕಿದ ಲೈನಸ್ ಟೊರ್ವಾಲ್ಡ್ಸ್ 2022ರ ಜುಲೈನಲ್ಲಿ 5.19 ಕರ್ನಲ್ ಬಿಡುಗಡೆ ಮಾಡಿದ್ದೂ ಅಸಾಹಿ ಹಾಕಿದ ಆರ್ಮ್ ಲ್ಯಾಪ್‌ಟಾಪ್‌ನಿಂದಲೇ.

ಆದರೆ ಕೊರತೆ ಇಲ್ಲ ಅಂತಲ್ಲ. 2022ರ ಮಾರ್ಚ್‌ನಲ್ಲಿ ಮೊದಲ ಆಲ್ಫಾ ಬಂದ ಮೇಲೆ ವರ್ಷಗಟ್ಟಲೆ ಯುಎಸ್‌ಬಿ-ಸಿ ಮೂಲಕ ಹೊರಗಿನ ಪರದೆ ಓಡುತ್ತಿರಲಿಲ್ಲ. ಬೆರಳಚ್ಚು ಸೆನ್ಸರ್ ಕೇಳಲೇಬೇಡಿ. ಮೆಮೊರಿ ಪೇಜ್ (ಮೆಮೊರಿ ಹಂಚುವ ತುಂಡು) 16ಕೆ ಆದದ್ದರಿಂದ 4ಕೆ ಅಂತಲೇ ನಂಬಿಕೊಂಡ ಕೆಲವು ಪ್ರೋಗ್ರಾಂಗಳು ತೆರೆದ ಕೂಡಲೇ ಬೀಳುತ್ತವೆ.

ಶೆಲ್ ಮಾವ

ನಾನು ಹೇಳಿದ್ದರಲ್ಲಿ ತಪ್ಪೇನು? ಲಿನಕ್ಸ್ ಲ್ಯಾಪ್‌ಟಾಪ್ ಮಾರುವುದನ್ನೇ ಕಸುಬು ಮಾಡಿಕೊಂಡ ಟುಕ್ಸೀಡೋದವರೇ ಎಕ್ಸ್ ಎಲೀಟ್ ಲ್ಯಾಪ್‌ಟಾಪ್ ಯೋಜನೆಯನ್ನು 2025ರ ನವೆಂಬರ್‌ನಲ್ಲಿ ಕೈಬಿಟ್ಟರು. ನಿರೀಕ್ಷಿಸಿದಷ್ಟು ಬ್ಯಾಟರಿ ಬಾಳಿಕೆ ಲಿನಕ್ಸ್‌ನಲ್ಲಿ ಬರಲಿಲ್ಲ, ಬಯಾಸ್ ಅಪ್‌ಡೇಟ್‌ಗೆ ದಾರಿಯಿಲ್ಲ, ಫ್ಯಾನ್ ಕಂಟ್ರೋಲ್ ಇಲ್ಲ, ಕೆವಿಎಂ (ವರ್ಚುವಲ್ ಮಷೀನ್ ಓಡಿಸುವ ಸೌಲಭ್ಯ) ಇಲ್ಲ ಅಂತ ಅವರೇ ಬರೆದುಕೊಂಡಿದ್ದಾರೆ. ಸಂಬಳ ಕೊಟ್ಟು ಎಂಜಿನಿಯರ್‌ಗಳನ್ನು ಇಟ್ಟುಕೊಂಡವರೇ ಕೈ ಎತ್ತಿದ್ದಾರೆ, ನಾವು ಭಾನುವಾರ ಕೂತು ಏನು ಕಡಿದು ಹಾಕುತ್ತೇವೆ?

ಅರೆನಿದ್ದೆ

ಎರಡನೇ ಪಾರ್ಟಿಷನ್ ಅವರೇ, ಲಾಗ್‌ನಲ್ಲಿ ನೀವು ಹೇಳಿದ ಮೈನಸ್ 2 ಹಾಗೇ ಕೂತಿತ್ತು. ವಿಂಡೋಸ್ ಇನ್ನೂ ಇತ್ತು. ಆ ಪ್ಯಾಕೇಜ್ ಓಡಿಸಿ ರೀಬೂಟ್ ಮಾಡಿದೆ, ಬ್ಯಾಟರಿ ಐಕಾನ್ ಬಂತು! 61 ಪರ್ಸೆಂಟ್. ಒಂದು ಅಂಕಿ ನೋಡಿ ಇಷ್ಟು ಖುಷಿಪಡುತ್ತೇನೆ ಅಂದುಕೊಂಡಿರಲಿಲ್ಲ. ಸ್ಪೀಕರ್‌ಗೂ ಜೀವ ಬಂದಿದೆ, ಆದರೆ ಪೂರ್ತಿ ಏರಿಸಿದರೂ ಸದ್ದು ಕಮ್ಮಿ. ಬ್ಲೂಟೂತ್ ಹೆಡ್‌ಫೋನ್ ಸೇರಿಕೊಂಡಿತು. ಕ್ಯಾಮೆರಾ ಮಾತ್ರ ಇನ್ನೂ ಇಲ್ಲ. ಹೊರಗಿನ ಯುಎಸ್‌ಬಿ ಕ್ಯಾಮೆರಾ ಚುಚ್ಚಿದರೆ ಏನೂ ಮಾಡದೆ ಓಡುತ್ತದೆ, ಒಳಗಿನದಕ್ಕೆ ಏನು ರೋಗ?

ಎರಡನೇ ಪಾರ್ಟಿಷನ್

ಸದ್ದು ಕಮ್ಮಿ ಇರುವುದು ಬೇಕಂತಲೇ. ಸ್ಪೀಕರ್ ಕಾಯುವ ಅಂಥ ಪ್ರೋಗ್ರಾಂ ಇಲ್ಲಿ ಇಲ್ಲ, ಹಾಗಾಗಿ ಕರ್ನಲ್‌ನವರು ಸುಟ್ಟುಹೋಗದ ಮಟ್ಟಕ್ಕೆ ವಾಲ್ಯೂಮ್ ಕಟ್ಟಿಹಾಕಿದ್ದಾರೆ. ಆ ಮಿತಿ ತೆಗೆಯುವ ಸಲಹೆ ಎಲ್ಲಾದರೂ ಕಂಡರೆ ಕಣ್ಣುಮುಚ್ಚಿ ಮುಂದೆ ಹೋಗಿ.

ಕ್ಯಾಮೆರಾಗೆ ಬರುವುದಾದರೆ, ಯುಎಸ್‌ಬಿ ಕ್ಯಾಮೆರಾ ಚಿತ್ರವನ್ನು ತಾನೇ ಸಿದ್ಧ ಮಾಡಿ ಕಳಿಸುತ್ತದೆ. ನಿಮ್ಮ ಒಳಗಿನದು ಫೋನ್‌ನಲ್ಲಿರುವಂಥ ಬರೀ ಸೆನ್ಸರ್. ಅದರಿಂದ ಬರುವುದು ಹಸಿರು ಬಣ್ಣಕ್ಕೆ ತಿರುಗಿದ ಹಸಿ ಡೇಟಾ. ಬಣ್ಣ, ಬೆಳಕು ಎಲ್ಲ ಬೇರೆಯವರು ಸರಿಮಾಡಬೇಕು. ಸೆನ್ಸರ್‌ಗೆ ಡ್ರೈವರ್ ಇರಬೇಕು, ಡಿವೈಸ್ ಟ್ರೀಯಲ್ಲಿ ಅದರ ಸಾಲುಗಳಿರಬೇಕು, ಆಮೇಲೆ ಲಿಬ್‌ಕ್ಯಾಮೆರಾ ಅನ್ನುವ ಸಾಫ್ಟ್‌ವೇರ್ ಬಣ್ಣ-ಬೆಳಕು ಸರಿಮಾಡುವ ಆ ಕೆಲಸವನ್ನು ಸಿಪಿಯು ಮೇಲೆ ಹೇರಿ ಮಾಡುತ್ತದೆ. ಇದು ಆರ್ಮ್‌ಗೆ ಮಾತ್ರ ಅಂಟಿದ ರೋಗ ಅಲ್ಲ, ಹೊಸ ಇಂಟೆಲ್ ಲ್ಯಾಪ್‌ಟಾಪ್‌ನವರೂ ಇದನ್ನೇ ಅನುಭವಿಸಿದ್ದಾರೆ. ನಿಮ್ಮ ಮಾಡೆಲ್‌ನ ಡಿವೈಸ್ ಟ್ರೀ ಫೈಲ್ ತೆಗೆದು ಕ್ಯಾಮೆರಾ ಸಾಲುಗಳಿವೆಯಾ ನೋಡಿ. ಇಲ್ಲದಿದ್ದರೆ ಯುಎಸ್‌ಬಿ ಕ್ಯಾಮೆರಾನೇ ಇಟ್ಟುಕೊಳ್ಳಿ, ಕಾಯುತ್ತಾ ಕೂರಬೇಡಿ.

ಮಾರುವ ವಿಷಯದಲ್ಲಿ ನನ್ನ ಅಭಿಪ್ರಾಯ ಮಾವನಿಗಿಂತ ಸ್ವಲ್ಪ ಬೇರೆ. ವರ್ಚುವಲ್ ಮಷೀನ್ ಬೇಕಾದರೆ, ಅಥವಾ ದಿನಕ್ಕೆ ಹತ್ತು ಸಲ ಮುಚ್ಚಳ ಮುಚ್ಚಿ ತೆಗೆಯುವವರಾದರೆ ಮಾರಿ. ಕೋಡ್ ಬರೆಯಲು, ಬ್ರೌಸರ್‌ಗೆ ಸಾಕು ಅಂದರೆ ಇಟ್ಟುಕೊಳ್ಳಿ. ಇನ್ನೊಂದು ಮಾತು, ಮುಂದಿನ ಕರ್ನಲ್ ಅಪ್‌ಡೇಟ್‌ಗೆ ಮುಂಚೆ ಈಗ ಓಡುತ್ತಿರುವ ಕರ್ನಲ್ ಮತ್ತು ಅದರ ಡಿಟಿಬಿ ಫೈಲ್ (ಕಂಪೈಲ್ ಆದ ಡಿವೈಸ್ ಟ್ರೀ) ಎರಡನ್ನೂ ಪಕ್ಕಕ್ಕೆ ನಕಲು ಮಾಡಿಟ್ಟು ಬೂಟ್ ಆಗುವಾಗ ಬರುವ ಗ್ರಬ್ ಮೆನುವಿನಲ್ಲಿ ಒಂದು ಸಾಲು ಸೇರಿಸಿಕೊಳ್ಳಿ. ಹೊಸ ಕರ್ನಲ್‌ಗೆ ಹಳೇ ಡಿಟಿಬಿ ಸಿಕ್ಕರೆ ಕೆಲವೊಮ್ಮೆ ಪರದೆಯೇ ಬರುವುದಿಲ್ಲ.

ಅರೆನಿದ್ದೆ

ಡಿಟಿಬಿ ನಕಲು ಮಾಡಿಟ್ಟೆ. ಡಿವೈಸ್ ಟ್ರೀಯಲ್ಲಿ ಕ್ಯಾಮೆರಾದ ಸುದ್ದಿಯೇ ಇಲ್ಲ. ಸದ್ಯಕ್ಕೆ ಮಾರುವುದಿಲ್ಲ. ಮಾವ, ಬೈಯಬೇಡಿ.

ಶೆಲ್ ಮಾವ

ಬೈಯುವುದಿಲ್ಲ. ಮಾರುವ ದಿನ ನನಗೆ ಮೊದಲು ಹೇಳಿ, ಬೆಲೆ ಕಡಿಮೆಯಾದರೆ ನಾನೇ ತಗೊಳ್ಳುತ್ತೇನೆ.