ಲಾರಿಯ ಸ್ಪಾರ್ಕ್ ಪ್ಲಗ್ ಕದಲುತ್ತಿಲ್ಲ, ಮುರಿಯುವ ಭಯ: ದಯವಿಟ್ಟು ಬೇಗ ಹೇಳಿ

ಮುಳಬಾಗಿಲು ಲಾರಿ
ಎರಡು ದಿನದಿಂದ ಗಾಡಿ ಅಂಗಳದಲ್ಲೇ ನಿಂತಿದೆ. ನಾಲ್ಕು ಪ್ಲಗ್‌ಗಳಲ್ಲಿ ಎರಡು ಬಂದವು. ಮೂರನೆಯದು ಕಾಲು ಸುತ್ತು ತಿರುಗಿ, ಕಿರ್ ಎಂದು ಕಚ್ಚಿಕೊಂಡಿತು. ನಾಲ್ಕನೆಯದು ಜಪ್ಪಯ್ಯ ಎಂದರೂ ಕದಲುತ್ತಿಲ್ಲ. ಮೆಕ್ಯಾನಿಕ್ ರಾಡಿಗೆ ಪೈಪು ತೊಡಿಸಿ ಎಳೆಯಲು ಹೊರಟಿದ್ದ, ಕೈ ಹಿಡಿದು ನಿಲ್ಲಿಸಿದೆ. ಒಳಗೆ ಮುರಿದರೆ ಎಂಜಿನ್ನಿನ ಮೇಲ್ಭಾಗ, ಅಂದರೆ ಹೆಡ್ ಇಳಿಸಬೇಕು. ಟೊಮೆಟೊ ಕ್ರೇಟುಗಳನ್ನು ಬೇರೆಯವರ ಗಾಡಿಯಲ್ಲಿ ಕೋಲಾರ ಎಪಿಎಂಸಿಗೆ ಕಳಿಸುತ್ತಿದ್ದೇನೆ, ಬಾಡಿಗೆ ಕೊಟ್ಟೇ ಸಾಕಾಗಿದೆ.

ಬಂಗಾರಪೇಟೆ ಡೀಸೆಲ್
ಡೀಸೆಲ್ ಲಾರಿಗೆ ಸ್ಪಾರ್ಕ್ ಪ್ಲಗ್ ಎಲ್ಲಿಂದ ಬಂತು? ನೀವು ಹೇಳುತ್ತಿರುವುದು ಡೀಸೆಲ್ ಎಂಜಿನ್ ಸ್ಟಾರ್ಟ್ ಮಾಡಲು ಬಿಸಿ ಕೊಡುವ ಗ್ಲೋ ಪ್ಲಗ್. ಅದು ಪೆನ್ಸಿಲಿನಷ್ಟು ತೆಳು, ಬಲ ಹಾಕಿದರೆ ತುಂಡಾಗುವುದು ಖಂಡಿತ. ಎಂಜಿನ್ ಬಿಸಿ ಮಾಡಿ ಬಿಚ್ಚಿ.

ಮುಳಬಾಗಿಲು ಲಾರಿ
ಸರ್, ಡೀಸೆಲ್ ಅಲ್ಲ, ಗ್ಯಾಸಿನ ಸಿಎನ್‌ಜಿ ಗಾಡಿ, ಸ್ಪಾರ್ಕ್ ಪ್ಲಗ್ಗೇ. ಹೇಳಲು ಮರೆತೆ.

ಮಾಲೂರು ವರ್ಕ್‌ಶಾಪ್
ಹಾಗಾದರೆ ಪ್ಲಗ್ ಕಚ್ಚಿರುವುದು ಮಸಿಯಿಂದ. ಕೊಲ್ಲಿಯಲ್ಲಿದ್ದಾಗ ಫೋರ್ಡ್ ಪಿಕಪ್‌ಗಳ 5.4 ಲೀಟರ್ ಟ್ರೈಟನ್ ಎಂಜಿನ್ ಎಷ್ಟೋ ಬಿಚ್ಚಿದ್ದೇನೆ. ಸಿಲಿಂಡರಿಗೆ ಮೂರು ವಾಲ್ವ್‌ನ ಆ ಎಂಜಿನ್ನಿಗೆ ಬರುತ್ತಿದ್ದ ಪ್ಲಗ್ಗಿನ ತುದಿಗೆ ಉದ್ದನೆಯ ಕೊಳವೆ, ಅದೂ ಎರಡು ತುಂಡಿನ ಜೋಡಣೆ. ಕೊಳವೆಯ ಸುತ್ತ ಮಸಿ ಗಟ್ಟಿಯಾಗಿ, ಬಿಚ್ಚುವಾಗ ತಲೆ ಮಾತ್ರ ಕೈಗೆ ಬಂದು ಉಳಿದದ್ದು ಹೆಡ್ಡಿನಲ್ಲೇ ಕೂರುತ್ತಿತ್ತು. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಕಾಲು ಸುತ್ತಿಗಿಂತ ಕಡಿಮೆ ಸಡಿಲಿಸಿ, ಕಾರ್ಬುರೇಟರ್ ಕ್ಲೀನರ್ ಅನ್ನು ಪ್ಲಗ್ಗಿನ ಗುಂಡಿಗೆ ತುಂಬಿ, ಕನಿಷ್ಠ 15 ನಿಮಿಷ ಬಿಟ್ಟು ಹಿಂದೆ ಮುಂದೆ ಆಡಿಸುತ್ತಾ ತೆಗೆಯಬೇಕು. ಬಿಸಿ ಎಂಜಿನ್ ಮುಟ್ಟಲೇಬಾರದು.

ಬಂಗಾರಪೇಟೆ ಡೀಸೆಲ್
ಬಿಸಿ ಮಾಡದೆ ಕಚ್ಚಿದ ಲೋಹ ಬಿಡುವುದಿಲ್ಲ. ಮೂವತ್ತು ವರ್ಷದಿಂದ ಮಾಡುತ್ತಿರುವ ಕೆಲಸ ಇದು.

ಮಾಲೂರು ವರ್ಕ್‌ಶಾಪ್
ಹೆಡ್ಡಿನ ಅಲ್ಯೂಮಿನಿಯಂ ಬಿಸಿಯಲ್ಲಿ ಮೆತ್ತಗಾಗುತ್ತದೆ, ಅದರ ತಿರುಪಿನ ಥ್ರೆಡ್ ಪ್ಲಗ್ಗಿಗೆ ಸುತ್ತಿಕೊಂಡೇ ಹೊರಬರುತ್ತದೆ. ಮಸಿಯೇ ಕಾರಣ, ಬರೆದು ಕೊಡುತ್ತೇನೆ. ಹೊಸದನ್ನು ಹಾಕುವಾಗ ಕಾಪರ್ ಗ್ರೀಸ್ ಹಚ್ಚಿ, ಈ ಗೋಳೇ ಇರುವುದಿಲ್ಲ.

ಚಿಂತಾಮಣಿ ಟೂಲ್ಸ್
ಗ್ರೀಸ್ ಬೇಡ. ಲೋಹಲೇಪ ಇರುವ ಪ್ಲಗ್ಗಿಗೆ ಹಚ್ಚಬೇಡಿ ಎಂದು ಪ್ಲಗ್ ತಯಾರಿಸುವ ಎನ್‌ಜಿಕೆ ಕಂಪನಿಯೇ ಹೇಳುತ್ತದೆ. ಜಾರಿಕೆ ಹೆಚ್ಚಾಗಿ, ಅದೇ ಟಾರ್ಕ್‌ನಲ್ಲಿ, ಅಂದರೆ ತಿರುಗಿಸುವ ಬಲದಲ್ಲಿ, ಅಗತ್ಯಕ್ಕಿಂತ ಬಿಗಿಯಾಗುತ್ತದೆ. ನನ್ನ ಹತ್ತಿರ ಮೂರು ಟಾರ್ಕ್ ರೆಂಚ್‌ಗಳಿವೆ, ಅಳೆಯದೆ ಒಂದು ಪ್ಲಗ್ ಕೂಡ ಹಾಕುವುದಿಲ್ಲ.

ಮಾಲೂರು ವರ್ಕ್‌ಶಾಪ್
ಟಾರ್ಕ್ ರೆಂಚ್ ಇಲ್ಲದ ಕಾಲದಲ್ಲಿ ಗಾಡಿಗಳು ಓಡಲಿಲ್ಲವೇ?

ಶ್ರೀನಿವಾಸಪುರ ಮಾವು
ಹೆಡ್ ಯಾವ ಲೋಹದ್ದೆಂದು ಯಾರೂ ಕೇಳಲೇ ಇಲ್ಲ. ಮುಳಬಾಗಿಲಿನ ಅಣ್ಣಾ, ಹಳೆಯ ಸ್ಪೀಕರಿನ ಅಯಸ್ಕಾಂತವೊಂದನ್ನು ಹೆಡ್ಡಿಗೆ ಹಿಡಿದು ನೋಡಿ. ಅಂಟಿದರೆ ಬೀಡು ಕಬ್ಬಿಣ, ಜಾರಿದರೆ ಅಲ್ಯೂಮಿನಿಯಂ. ಪ್ಲಗ್ ಕೂರುವ ಗುಂಡಿಯೊಳಗೆ ಟಾರ್ಚ್ ಬಿಟ್ಟು ಏನಿದೆ ಹೇಳಿ. ಗಾಡಿ ತೊಳೆಯುವುದು ಹೇಗೆ ಎಂಬುದನ್ನೂ ತಿಳಿಸಿ. ಸಿಎನ್‌ಜಿ ಉರಿದರೆ ಮಸಿ ಬಹಳ ಕಡಿಮೆ, ಹಾಗಾಗಿ ನನಗೆ ನೀರಿನ ಮೇಲೆ ಅನುಮಾನ.

ಮುಳಬಾಗಿಲು ಲಾರಿ
ಅಯಸ್ಕಾಂತ ಟಪ್ ಎಂದು ಅಂಟಿತು. ಗುಂಡಿಯ ತಳದಲ್ಲಿ ಬಿಳಿ ಹಕ್ಕಳೆ, ಬಾಯ್ಲರ್ ಹಂಡೆಯೊಳಗೆ ಕಟ್ಟುತ್ತದಲ್ಲ, ಅದೇ ಥರ. ಅದರ ಕೆಳಗೆ ಕೆಂಪು ತುಕ್ಕು. ಪ್ಲಗ್ಗಿಗೆ ಕರೆಂಟ್ ಕೊಡುವ ಕಾಯಿಲಿನ ರಬ್ಬರ್ ಬೂಟು ಸೀಳಿದೆ. ಲೋಡ್ ಇಳಿಸಿದ ಮೇಲೆ ಬೋರ್‌ವೆಲ್ ನೀರನ್ನು ಪ್ರೆಷರ್‌ನಲ್ಲಿ ಹೊಡೆದು ತೊಳೆಯುತ್ತೇವೆ, ಎಂಜಿನ್ನಿಗೂ ಸೇರಿಸಿ.

ಶ್ರೀನಿವಾಸಪುರ ಮಾವು
ಅದೇ ಕಾರಣ. ನಮ್ಮ ಕಡೆಯ ಗಡಸು ನೀರು ಸೀಳಿನಿಂದ ಇಳಿದು, ಆರಿ, ಉಪ್ಪು ಬಿಟ್ಟು ತುಕ್ಕು ಹಿಡಿಸಿದೆ. ಮೊದಲು ಗುಂಡಿಗೆ ಗಾಳಿ ಹೊಡೆದು ಹಕ್ಕಳೆ ತೆಗೆಯಿರಿ, ಇಲ್ಲವಾದರೆ ಎಂಜಿನ್ ಸಿಲಿಂಡರಿಗೆ ಬೀಳುತ್ತದೆ. ಮೂರನೆಯದನ್ನು ಮತ್ತೆ ಬಿಗಿ ಮಾಡಿ. ಬಿಚ್ಚಿದ ಹಳೆಯ ಎರಡನ್ನೂ ಹಾಕಿ ಎಂಜಿನ್ ಹತ್ತು ನಿಮಿಷ ಓಡಿಸಿ ಆರಿಸಿ, ಗ್ಯಾಸ್ ಸಿಲಿಂಡರಿನ ವಾಲ್ವ್ ಮುಚ್ಚಿ. ಮುಟ್ಟಿದರೆ ಉಗುರು ಬೆಚ್ಚಗಿರುವಾಗ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ರಾತ್ರಿಯಿಡೀ ನೆನೆಯಲು ಬಿಡಿ. ಸುಡುವ ಎಂಜಿನ್ನಿಗೆ ಸ್ಪ್ರೇ ಮಾಡಬೇಡಿ, ಬೆಂಕಿ ಹತ್ತೀತು. ತಣ್ಣಗಾಗುತ್ತಾ ಎಣ್ಣೆ ಥ್ರೆಡ್ಡಿನೊಳಗೆ ಇಳಿಯುತ್ತದೆ. ಬೆಳಿಗ್ಗೆ ಆರು ಮೂಲೆಯ ಸಾಕೆಟ್ ನೆಟ್ಟಗೆ ಕೂರಿಸಿ, ಮೊದಲು ಒಂದು ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಸಡಿಲಿಸಿ. ಕಿರ್ ಎಂದ ಕೂಡಲೇ ಹಿಂದಕ್ಕೆ ತಿರುಗಿಸಿ. ರಾಡ್ ಓರೆಯಾದರೆ ಪಿಂಗಾಣಿ ಸೀಳುತ್ತದೆ. ಪೈಪು ಬೇಡವೇ ಬೇಡ.

ಮುಳಬಾಗಿಲು ಲಾರಿ
ಬೆಳಿಗ್ಗೆ ಆರಕ್ಕೇ ಕೂತೆ. ಮೂರನೆಯದು ಹಿಂದೆ ಮುಂದೆ ಆಡಿಸುತ್ತಾ ಇಪ್ಪತ್ತು ನಿಮಿಷಕ್ಕೆ ಇಡಿಯಾಗಿ ಬಂತು. ಥ್ರೆಡ್ಡಿನ ತುಂಬ ಇಟ್ಟಿಗೆ ಪುಡಿಯಂಥ ತುಕ್ಕು, ತುದಿಯಲ್ಲಿ ಮಸಿಯೇ ಇಲ್ಲ. ನಾಲ್ಕನೆಯದು ಅರ್ಧ ಸುತ್ತು ತಿರುಗಿದೆ, ಮತ್ತೆ ಎಣ್ಣೆ ಬಿಟ್ಟು ಸಂಜೆಯವರೆಗೆ ಬಿಟ್ಟಿದ್ದೇನೆ. ನಾಲ್ಕೂ ರಬ್ಬರ್ ಬೂಟು ತರಲು ಹುಡುಗನನ್ನು ಕೋಲಾರಕ್ಕೆ ಕಳಿಸಿದ್ದೇನೆ.

ಮಾಲೂರು ವರ್ಕ್‌ಶಾಪ್
ಪ್ಲಗ್ಗಿನ ತುದಿಯ ಫೋಟೊ ಹಾಕಿ. ಮಸಿ ಇದ್ದೇ ಇರಬೇಕು.