‘ದೋಣಿಮನೆ’ ಅಂದರೆ ಯಾವ ಮನೆ?

ಹಡಗಿನಂತೆ ಕಾಣಲೆಂದೇ ನೆಲದ ಮೇಲೆ ಕಟ್ಟಿದ ಕಟ್ಟಡಕ್ಕೆ ಕನ್ನಡದಲ್ಲಿ ಏನೆನ್ನೋಣ? ಮೊದಲು ಹೊಳೆಯುವ ಪದ ‘ದೋಣಿಮನೆ’. ತೊಡಕೂ ಅಲ್ಲೇ: ಈ ಸಮಾಸ ನಾಲ್ಕು ಬಗೆಯಲ್ಲಿ ಬಿಡಿಸಿಕೊಳ್ಳುತ್ತದೆ.

ದೋಣಿಯೇ ಮನೆ: ದಾಲ್ ಸರೋವರದಲ್ಲಿ ತೇಲುವಂಥದ್ದು. ರೂಢಿ ಇದಕ್ಕೇ. ದೋಣಿಗಾಗಿ ಮನೆ: ದೋಣಿ ಇರಿಸುವ ಕೊಟ್ಟಿಗೆ, ‘ಅಡುಗೆಮನೆ’ಯ ಜಾಡು. ದೋಣಿಯಿಂದಾದ ಮನೆ: ಇಂಗ್ಲೆಂಡಿನ ಲಿಂಡಿಸ್‌ಫಾರ್ನ್ ದ್ವೀಪದಲ್ಲಿ ಹಳೆಯ ಹೆರಿಂಗ್ ಮೀನುದೋಣಿಗಳನ್ನು ಕವುಚಿ ಮಾಡಿಕೊಂಡ ಉಗ್ರಾಣಗಳಿವೆ, ದೋಣಿಯ ತಳವೇ ಅಲ್ಲಿ ಚಾವಣಿ. ಕೊನೆಯದು ದೋಣಿಯಂತಹ ಮನೆ, ‘ತಾವರೆಗಣ್ಣು’ ಇದ್ದ ಹಾಗೆ. ಕ್ಯಾಲಿಫೋರ್ನಿಯಾದ ಎನ್ಸಿನಿಟಸ್‌ನಲ್ಲಿ ಮೈಲ್ಸ್ ಕೆಲ್ಲಾಗ್ 1920ರ ದಶಕದಲ್ಲಿ ಹಳೆಯ ಮರಮುಟ್ಟು ಬಳಸಿ ಕಟ್ಟಿದ ಜೋಡಿಮನೆಗಳು ಈ ಬಗೆಯವು. ಅವು ಎಂದೂ ನೀರು ಕಂಡಿಲ್ಲ. ಅವನ್ನು ಬರೀ ‘ದೋಣಿಮನೆ’ ಎಂದರೆ ಓದುಗರು ಖಂಡಿತ ನೀರಿಗಿಳಿಯುತ್ತಾರೆ.

‘ಹಡಗುಕಟ್ಟಡ’ ಹಡಗು ಕಟ್ಟುವ ಕೆಲಸವೆಂದು ಕೇಳಿಸುತ್ತದೆ. ‘ನೌಕಾಭವನ’ ನೌಕಾಪಡೆಯ ಕಚೇರಿಯಾಗಿಬಿಡುತ್ತದೆ. ‘ಹಡಗುರೂಪಿ’ ಚೊಕ್ಕವಾಗಿದೆ, ಆದರೆ ಅರಿಸಮಾಸ, ಅಂದರೆ ಕನ್ನಡ ಪದಕ್ಕೆ ಸಂಸ್ಕೃತ ಪದ ಬೆಸೆದ ಒಪ್ಪದ ಜೋಡಿ. ಹಾಗಾಗಿ ವಿಭಕ್ತಿ ಉಳಿಸಿಕೊಂಡ ‘ಹಡಗಿನಾಕಾರದ ಕಟ್ಟಡ’ವೇ ನನ್ನ ಆಯ್ಕೆ. ಉದ್ದವಾದರೂ ತಪ್ಪು ಅರ್ಥಕ್ಕೆ ಎಡೆಯಿಲ್ಲ.

ಆದರೂ ಎಲ್ಲಕ್ಕೂ ಅದು ಹೊಂದದು. ಲಾಸ್ ಏಂಜಲೀಸ್‌ನ ಕೋಕಾ-ಕೋಲಾ ಘಟಕಕ್ಕೆ ರಾಬರ್ಟ್ ಡೆರಾ 1930ರ ದಶಕದಲ್ಲಿ ಹೊಸ ರೂಪ ಕೊಟ್ಟಾಗ ಇದ್ದ ಕಟ್ಟಡಗಳಿಗೇ ದುಂಡು ಕಿಟಕಿ, ಕಟಾಂಜನ, ನಾವಿಕನ ಮೇಲ್ಕಟ್ಟೆ ಸೇರಿದವು. ಅದು ‘ಹಡಗಿನ ಸೊಗಸಿನ’ ಕಟ್ಟಡ. ಮಧ್ಯಪ್ರದೇಶದ ಮಾಂಡುವಿನಲ್ಲಿರುವ, ‘ಹಡಗಿನ ಅರಮನೆ’ ಎಂಬರ್ಥದ ಜಹಾಜ್ ಮಹಲ್‌ಗೆ ಇದೂ ಸಲ್ಲದು. ಅದರಲ್ಲಿ ಹಡಗಿನ ಒಂದು ಅಂಗವೂ ಇಲ್ಲ. ಎರಡು ಕೆರೆಗಳ ನಡುವೆ ಸುಮಾರು 120 ಮೀಟರ್ ನೀಳವಾಗಿ ನಿಂತಿರುವುದರಿಂದ, ತುಂಬಿದ ನೀರಿನಲ್ಲಿ ತೇಲಿದಂತೆ ಕಾಣುತ್ತದೆ. ಅಂಥ ಹೆಸರನ್ನು ಅನುವಾದಿಸದೆ ಇದ್ದಂತೆಯೇ ಬಿಡಬೇಕು.

ಬೀಜಿಂಗ್‌ನ ಬೇಸಿಗೆ ಅರಮನೆಯದು ಇನ್ನೊಂದು ಪೇಚು. 1755ರಲ್ಲಿ ಕಟ್ಟಿ, 1860ರಲ್ಲಿ ಸುಟ್ಟು, 1893ರಲ್ಲಿ ಮತ್ತೆ ಎದ್ದ ಈ ‘ಅಮೃತಶಿಲೆಯ ದೋಣಿ’ಗೆ ತಳವಷ್ಟೇ ಕಲ್ಲು, ಮೇಲಿನ ಮಂಟಪ ಅಮೃತಶಿಲೆಯಂತೆ ಬಣ್ಣ ಬಳಿದ ಮರ. ಚೀನೀಯರು ಸುಮ್ಮನೆ ‘ಕಲ್ಲುದೋಣಿ’ ಎನ್ನುತ್ತಾರೆ. ಹಂಪಿಯ ಗರುಡಗುಡಿಯನ್ನು ‘ಕಲ್ಲಿನ ರಥ’ ಎನ್ನುವ ನಮಗೆ ಆ ಮಾತು ಹೊಸತೇನಲ್ಲ.

ಇನ್ನು ಬಿಡಿ ಅಂಗಗಳು. ಹಡಗಿನ ದುಂಡು ಕಿಟಕಿಗೆ ‘ಗವಾಕ್ಷಿ’ ಎನ್ನಬಹುದಿತ್ತು, ಆದರೆ ಇಂದು ಅದು ಯಾವುದೇ ಬೆಳಕಿಂಡಿಗೂ ಸಲ್ಲುತ್ತದೆ. ‘ದುಂಡುಗಿಂಡಿ’ ನಡೆದೀತೇ? ಹಾಯಿ ಕಟ್ಟುವ ಕಂಬಕ್ಕೆ ಹಳೆಯ ‘ಕೂವೆ’ ಯಾರ ಬಾಯಲ್ಲಾದರೂ ಇನ್ನೂ ಉಳಿದಿದೆಯೇ?